ಕಲ್ಕತ್ತದ ಜಡ್ಜ್ ವಿಲಿಯಂ ಜೋನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಲಿಯಂ ಜೋನ್ಸ್ ಹೆಸರು ಬಂದ ಕೂಡಲೇ ಮಾತು ಸಂಸ್ಕೃತದ ಕಡೆಗೆ ಹೊರಳುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬಳ್ಳಿಯ ಕಾಯಿಗಳು ಎಂದ ಮನುಷ್ಯ ಎಂದು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಅವನಿಗೆ ಸಂಬಳ ಬರುತ್ತಿದ್ದದ್ದು ಭಾಷೆಗೆ ಅಲ್ಲ, ಜಡ್ಜ್ ಕೆಲಸಕ್ಕೆ. ಹತ್ತೂವರೆ ವರ್ಷ ಕಲ್ಕತ್ತದ ಕೋರ್ಟಿನಲ್ಲಿ ಕೂತ. ಸಂಸ್ಕೃತ ಕಲಿತದ್ದೂ ಆ ಕೋರ್ಟಿನ ತಲೆನೋವಿನಿಂದಲೇ. ಅದಕ್ಕೇ ಇಲ್ಲಿ ಜಡ್ಜ್ ಜೋನ್ಸ್‌ಗೆ ಜಾಸ್ತಿ ಜಾಗ, ಪಂಡಿತ ಜೋನ್ಸ್‌ಗೆ ಸ್ವಲ್ಪ ಕಡಿಮೆ.

ಇವನು ಎಲ್ಲಿಯವನು? ಮನೆತನ ದೊಡ್ಡದೇ?

ಹುಟ್ಟಿದ್ದು ಲಂಡನ್ನಿನಲ್ಲಿ, 28 ಸೆಪ್ಟೆಂಬರ್ 1746. ಅಪ್ಪ ವೇಲ್ಸ್‌ನ ಆಂಗಲ್ಸಿ ದ್ವೀಪದ ಹಳ್ಳಿಯವನು. ಅವನ ಹೆಸರೂ ವಿಲಿಯಂ ಜೋನ್ಸ್‌ ಆದ್ದರಿಂದ ಹುಡುಕುವಾಗ ಅಪ್ಪ, ಮಗ ಇಬ್ಬರೂ ಬೆರೆತು ಬರುತ್ತಾರೆ. ಅಪ್ಪ ಗಣಿತದವನು, ನ್ಯೂಟನ್ನನ ಬಳಗದವನು. ವೃತ್ತದ ಲೆಕ್ಕದಲ್ಲಿ ನಾವು 'ಪೈ' ಎಂದು ಬರೆಯುವ ಗ್ರೀಕ್ ಅಕ್ಷರವಿದೆಯಲ್ಲ, ಅದನ್ನು ಆ ಅರ್ಥದಲ್ಲಿ ಮೊದಲು ಬಳಸಿದ್ದು ಅವನೇ, 1706ರಲ್ಲಿ.

ಮಗನಿಗೆ ಮೂರು ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡ. ಬೆಳೆಸಿದ್ದೆಲ್ಲ ತಾಯಿ ಮೇರಿ. ಬಡಗಿ ಮನೆಯ ಮಗಳು, ಚೆನ್ನಾಗಿ ಓದಿಕೊಂಡವಳು. ಹುಡುಗ ಏನು ಕೇಳಿದರೂ ಅವಳ ಉತ್ತರ ಒಂದೇ ಆಗಿತ್ತಂತೆ: ಓದು, ಗೊತ್ತಾಗುತ್ತದೆ. ದುಡ್ಡಿದ್ದ ಮನೆಯಲ್ಲ. ಜೋನ್ಸ್‌ನ ಬದುಕಿನ ತಿರುವುಗಳೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಭಾಷೆಯ ಹುಚ್ಚು ಯಾವಾಗ ಹತ್ತಿತು?

ಹ್ಯಾರೋ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಆಯಿತು. ಹದಿನೇಳರ ಸುಮಾರಿಗೆ ಚೆಸ್ ಆಟದ ಮೇಲೆ ಉದ್ದದ ಕವಿತೆ ಬರೆದ. 1764ರಲ್ಲಿ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿದ. ಅಲ್ಲಿ ಅರಬ್ಬಿ ಕಲಿಯುವ ಆಸೆ. ಲಂಡನ್ನಿನಲ್ಲಿ ಸಿಕ್ಕ ಅಲೆಪ್ಪೋ ಊರಿನ ಒಬ್ಬನನ್ನು ಕೈಯಿಂದ ಖರ್ಚು ಹಾಕಿ ಆಕ್ಸ್‌ಫರ್ಡಿಗೆ ಕರೆದುಕೊಂಡು ಬಂದ. ಆಮೇಲೆ ಪರ್ಷಿಯನ್.

ಡೆನ್ಮಾರ್ಕಿನ ರಾಜ ಏಳನೇ ಕ್ರಿಶ್ಚಿಯನ್ 1768ರಲ್ಲಿ ಇಂಗ್ಲೆಂಡಿಗೆ ಬಂದಾಗ ನಾದಿರ್ ಷಾನ ಚರಿತ್ರೆಯ ಪರ್ಷಿಯನ್ ಹಸ್ತಪ್ರತಿ ತಂದಿದ್ದ. ಅದನ್ನು ಫ್ರೆಂಚಿಗೆ ತರುವ ಕೆಲಸ ಈ ಹುಡುಗನ ಪಾಲಿಗೆ ಬಂತು. 1770ರಲ್ಲಿ ಅಚ್ಚಾಯಿತು. ಮರುವರ್ಷ ಪರ್ಷಿಯನ್ ವ್ಯಾಕರಣ ಬಂತು. ಪರ್ಷಿಯನ್ ಆಗ ಭಾರತದಲ್ಲಿ ಕಚೇರಿ ಭಾಷೆ, ಹಾಗಾಗಿ ಈಸ್ಟ್ ಇಂಡಿಯಾ ಕಂಪನಿ ನೌಕರಿಗೆ ಹೊರಟವರಿಗೆಲ್ಲ ಆ ಪುಸ್ತಕ ಬೇಕಾಯಿತು. ಇಪ್ಪತ್ತಾರಕ್ಕೆಲ್ಲ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಫೆಲೋ.

ಇಷ್ಟೆಲ್ಲ ಓದಿದವನು ಕಾನೂನಿಗೆ ಯಾಕೆ ಬಂದ?

ಹೊಟ್ಟೆಪಾಡಿಗೆ! ಹೆಸರು ಬಂತು, ಕಾಸು ಬರಲಿಲ್ಲ. ಅಲ್ಲಿಯವರೆಗೆ ಅರ್ಲ್ ಸ್ಪೆನ್ಸರ್ ಮನೆಯ ಮಗನಿಗೆ ಪಾಠ ಹೇಳುತ್ತಿದ್ದ. ದೊಡ್ಡವರ ಮನೆಯಲ್ಲಿ ಊಟ, ವಸತಿ ಎಲ್ಲ ಚೆನ್ನಾಗಿರುತ್ತದೆ, ಆದರೆ ಅದು ಪರರ ಹಂಗು. ಅದು ಅವನಿಗೆ ಒಗ್ಗಲಿಲ್ಲ. 1770ರಲ್ಲಿ ಲಂಡನ್ನಿನ ವಕೀಲರ ಸಂಸ್ಥೆ ಮಿಡ್ಲ್ ಟೆಂಪಲ್‌ಗೆ ಸೇರಿ ಕಾನೂನು ಓದಿದ. 1774ರಲ್ಲಿ ಬ್ಯಾರಿಸ್ಟರ್ ಆದ. ವರ್ಷಗಟ್ಟಲೆ ವೇಲ್ಸ್‌ನ ಊರೂರು ಸುತ್ತುವ ಕೋರ್ಟುಗಳಲ್ಲಿ ವಾದ ಮಾಡಿದ. ಬಡ ರೈತರ ಕೇಸು ನಡೆಸುತ್ತಾ ಜಮೀನ್ದಾರರ ದರ್ಬಾರು ಹತ್ತಿರದಿಂದ ನೋಡಿದ.

1781ರಲ್ಲಿ ಒಂದು ಸಣ್ಣ ಕಾನೂನು ಪುಸ್ತಕ ಬರೆದ. ನಿಮ್ಮ ವಸ್ತುವನ್ನು ಇನ್ನೊಬ್ಬರ ಕೈಗೆ ನಂಬಿ ಕೊಟ್ಟಿರುತ್ತೀರಿ: ಒಡವೆ ಇಡಲು ಕೊಟ್ಟಿರಬಹುದು, ಬಾಡಿಗೆಗೆ ಕುದುರೆ ಕೊಟ್ಟಿರಬಹುದು. ಅದು ಹಾಳಾದರೆ ಹೊಣೆ ಯಾರದು? ಇಷ್ಟೇ ವಿಷಯ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ವಕೀಲರು ಅದನ್ನು ಬಹಳ ಕಾಲ ಓದಿದರು. ಸಂಸ್ಕೃತದ ಒಂದಕ್ಷರ ಕಲಿಯದೇ ಇದ್ದಿದ್ದರೂ ಕಾನೂನಿನ ಚರಿತ್ರೆಯಲ್ಲಿ ಅವನ ಹೆಸರು ಒಂದು ಮೂಲೆಯಲ್ಲಿ ಉಳಿಯುತ್ತಿತ್ತು.

ಜಡ್ಜ್ ಕೆಲಸ ಸಲೀಸಾಗಿ ಸಿಕ್ಕಿತೇ?

ಇಲ್ಲ. ಕಲ್ಕತ್ತದಲ್ಲಿ ಒಂದು ಜಾಗ ಖಾಲಿ ಇತ್ತು. ಅದಕ್ಕಾಗಿ ವರ್ಷಗಟ್ಟಲೆ ಕಾದ. ಅಡ್ಡ ಬಂದದ್ದು ಅವನ ಬಾಯಿ. ಅಮೆರಿಕದ ವಸಾಹತುಗಳು ಬ್ರಿಟನ್ ಮೇಲೆ ಯುದ್ಧ ಹೂಡಿದ ಕಾಲ ಅದು. ಜೋನ್ಸ್ ವಸಾಹತುಗಳ ಪರ. ಬೆಂಜಮಿನ್ ಫ್ರಾಂಕ್ಲಿನ್ ಅವನ ಗೆಳೆಯ. ಗುಲಾಮರ ವ್ಯಾಪಾರವನ್ನೂ ಬಹಿರಂಗವಾಗಿ ಖಂಡಿಸುತ್ತಿದ್ದ. ಇಂಗ್ಲೆಂಡಿನ ನ್ಯಾಯಾಂಗದ ದೊಡ್ಡ ಅಧಿಕಾರಿ, ಲಾರ್ಡ್ ಚಾನ್ಸಲರ್ ಥರ್ಲೋಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ.

1782ರಲ್ಲಿ ಒಬ್ಬ ವಿದ್ವಾಂಸ, ಒಬ್ಬ ರೈತ ಮಾತಾಡಿಕೊಳ್ಳುವ ಹಾಗೆ ಒಂದು ಪುಟ್ಟ ಪುಸ್ತಿಕೆ ಬರೆದ. ಸರ್ಕಾರ ಎಂದರೆ ಊರಿನ ಒಂದು ಸಂಘ ಇದ್ದ ಹಾಗೆ, ಎಲ್ಲರಿಗೂ ಅದರಲ್ಲಿ ಪಾಲು ಎನ್ನುವುದು ಅದರ ಸಾರ. ಅದನ್ನು ಮತ್ತೆ ಅಚ್ಚು ಹಾಕಿಸಿದ್ದಕ್ಕೆ ಅವನ ಭಾವಮೈದುನ, ಪಾದ್ರಿ ವಿಲಿಯಂ ಶಿಪ್ಲಿ ಮೇಲೆ ರಾಜದ್ರೋಹದ ಕೇಸು ಬಿತ್ತು. ಆ ಕೇಸು ಎಬ್ಬಿಸಿದ ಗದ್ದಲ 1792ರ ಲೈಬಲ್ ಕಾಯ್ದೆಗೆ ದಾರಿ ಮಾಡಿತು. ಬರಹ ರಾಜದ್ರೋಹವೋ ಅಲ್ಲವೋ ಎಂದು ಜ್ಯೂರಿಯೇ ತೀರ್ಮಾನಿಸಬಹುದು ಎಂದು ಆ ಕಾಯ್ದೆ ಹೇಳಿತು. ಪುಸ್ತಿಕೆ ಬರೆದವನು ಅಷ್ಟರಲ್ಲಿ ಕಲ್ಕತ್ತದಲ್ಲಿ ಜಡ್ಜ್ ಆಗಿ ಕೂತಿದ್ದ, ನೋಡಿ.

ಅಂತೂ ಮಂತ್ರಿಮಂಡಲ ಬದಲಾಯಿತು, 1783ರ ಮಾರ್ಚ್‌ನಲ್ಲಿ ನೇಮಕ ಆಯಿತು, 'ಸರ್' ಬಿರುದೂ ಬಂತು. ಏಪ್ರಿಲ್ 8ಕ್ಕೆ ಆನಾ ಮರಿಯಾ ಶಿಪ್ಲಿ ಜೊತೆ ಮದುವೆ. ಕೆಲವೇ ದಿನದಲ್ಲಿ ಗಂಡ ಹೆಂಡತಿ 'ಕ್ರೊಕೊಡೈಲ್' ಎಂಬ ಹಡಗು ಹತ್ತಿದರು. ಕಲ್ಕತ್ತ ಮುಟ್ಟಿದ್ದು ಸೆಪ್ಟೆಂಬರ್ 25ಕ್ಕೆ.

ಸಂಬಳ ಎಷ್ಟಿತ್ತು?

ವರ್ಷಕ್ಕೆ 6,000 ಪೌಂಡ್. ಮುಖ್ಯ ನ್ಯಾಯಾಧೀಶನಿಗೆ 8,000. ಆ ಕಾಲಕ್ಕೆ ಭಾರೀ ಮೊತ್ತ. ಅಷ್ಟು ಕೊಟ್ಟಿದ್ದಕ್ಕೆ ಕಾರಣ ಇತ್ತು: ಜಡ್ಜ್‌ಗಳು ವ್ಯಾಪಾರ ಮಾಡುವಂತಿಲ್ಲ, ಉಡುಗೊರೆ ಮುಟ್ಟುವಂತಿಲ್ಲ ಎಂದು 1773ರ ರೆಗ್ಯುಲೇಟಿಂಗ್ ಕಾಯ್ದೆಯಲ್ಲೇ ಬರೆದಿತ್ತು. ಕಂಪನಿಯವರೆಲ್ಲ ಎರಡೂ ಕೈಯಲ್ಲಿ ಬಾಚುತ್ತಿದ್ದ ಊರು ಅದು. ಜೋನ್ಸ್ ಲೆಕ್ಕ ಹಾಕಿಕೊಂಡೇ ಬಂದಿದ್ದ. ಕೆಲವು ವರ್ಷ ದುಡಿದು 30,000 ಪೌಂಡ್ ಉಳಿಸಿ ವಾಪಸ್ ಹೋಗುವುದು, ಆಮೇಲೆ ಯಾರ ಹಂಗೂ ಇಲ್ಲದೆ ಓದಿಕೊಂಡು ಇರುವುದು. ಗಲ್ಫಿಗೆ ಹೋಗುವ ನಮ್ಮವರ ಲೆಕ್ಕಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗಂತೂ ಕಾಣುವುದಿಲ್ಲ.

ಕಲ್ಕತ್ತದ 'ಸುಪ್ರೀಂ ಕೋರ್ಟ್' ಅಂದರೆ ಈಗಿನ ಸುಪ್ರೀಂ ಕೋರ್ಟೇ?

ಅಲ್ಲವೇ ಅಲ್ಲ. ಹೆಸರು ಮಾತ್ರ ಒಂದೇ. 1774ರಲ್ಲಿ ಇಂಗ್ಲೆಂಡಿನ ರಾಜನ ಸನದಿನಿಂದ ಶುರುವಾದ ಕೋರ್ಟು ಅದು. ಅಧಿಕಾರ ನಡೆಯುತ್ತಿದ್ದದ್ದು ಮುಖ್ಯವಾಗಿ ಕಲ್ಕತ್ತ ಪಟ್ಟಣದ ಒಳಗೆ. ಹೊರಗೆ ಬಂಗಾಳ, ಬಿಹಾರ, ಒರಿಸ್ಸಾದಲ್ಲಿದ್ದ ಬ್ರಿಟಿಷ್ ಪ್ರಜೆಗಳ ಮೇಲೂ ನಡೆಯುತ್ತಿತ್ತು. ಹಳ್ಳಿಗಾಡಿನ ಜನರಿಗೆ ಕಂಪನಿಯ ಕೋರ್ಟುಗಳು ಬೇರೆ ಇದ್ದವು.

ಜೋನ್ಸ್ ಬರುವ ಹೊತ್ತಿಗೆ ಆ ಕೋರ್ಟಿನ ಹೆಸರು ಕೆಟ್ಟಿತ್ತು. 1775ರಲ್ಲಿ ಮಹಾರಾಜ ನಂದಕುಮಾರನನ್ನು ಫೋರ್ಜರಿ ಕೇಸಿನಲ್ಲಿ ಗಲ್ಲಿಗೇರಿಸಿದ್ದು ಇದೇ ಕೋರ್ಟು. ಅವನು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಲಂಚದ ದೂರು ಕೊಟ್ಟ ಸ್ವಲ್ಪ ದಿನಕ್ಕೇ ಇದಾಯಿತು. ಫೋರ್ಜರಿಗೆ ಗಲ್ಲು ಅನ್ನುವುದು ಇಂಗ್ಲೆಂಡಿನ ಕಾನೂನು, ಬಂಗಾಳದವರು ಕೇಳಿ ಕೂಡ ಇರಲಿಲ್ಲ. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪಿಯನ್ನು ಲಂಡನ್ ವಾಪಸ್ ಕರೆಸಿಕೊಂಡಿತು. ಜೋನ್ಸ್ ಬಂದ ಮೂರು ತಿಂಗಳೊಳಗೆ ಇಂಪಿ ಹಡಗು ಹತ್ತಿದ. ಉಳಿದವರು ರಾಬರ್ಟ್ ಚೇಂಬರ್ಸ್ ಮತ್ತು ಜಾನ್ ಹೈಡ್. ಹೈಡ್ ದಿನದಿನದ ಕೇಸುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಪುಣ್ಯಾತ್ಮ. ಆ ಕೋರ್ಟಿನ ಒಳಗಿನ ಬದುಕು ಇವತ್ತು ನಮಗೆ ಗೊತ್ತಿರುವುದು ಬಹುಪಾಲು ಆ ಪುಸ್ತಕಗಳಿಂದ.

1862ರಲ್ಲಿ ಈ ಕೋರ್ಟು ಮುಗಿದು ಕಲ್ಕತ್ತ ಹೈಕೋರ್ಟ್ ಶುರುವಾಯಿತು.

ಜೋನ್ಸ್ ಮುಖ್ಯ ನ್ಯಾಯಾಧೀಶ ಆಗಿದ್ದನೇ?

ಆಗಲಿಲ್ಲ. ಕೊನೆಯವರೆಗೂ ಸಹ ನ್ಯಾಯಾಧೀಶನೇ. 1791ರಲ್ಲಿ ಮುಖ್ಯ ಸ್ಥಾನ ಚೇಂಬರ್ಸ್‌ಗೆ ಖಾಯಂ ಆಯಿತು.

ಅವನ ದಿನ ಹೇಗಿರುತ್ತಿತ್ತು?

ಮನೆ ಗಾರ್ಡನ್ ರೀಚ್‌ನಲ್ಲಿ, ಹೂಗ್ಲಿ ನದಿ ದಂಡೆಯಲ್ಲಿ. ಸೂರ್ಯ ಹುಟ್ಟುವ ಮೊದಲೇ ಎದ್ದು ಕೋಟೆಯವರೆಗೆ ನಡೆದುಬಿಡುತ್ತಿದ್ದ, ಸುಮಾರು ಮೂರು ಮೈಲಿ. ಬಿಸಿಲು ಏರುವ ಮೊದಲು ಪಂಡಿತರ ಜೊತೆ, ಮೌಲ್ವಿಗಳ ಜೊತೆ ಪಾಠ. ಆಮೇಲೆ ಕೋರ್ಟು. ರಜೆ ಬಂದರೆ ಕೃಷ್ಣನಗರದ ಹುಲ್ಲು ಮಾಡಿನ ಬಂಗಲೆಗೆ ಹೋಗುತ್ತಿದ್ದ. ಅಲ್ಲೇ ಸಂಸ್ಕೃತ, ಅಲ್ಲೇ ಗಿಡಮರಗಳ ಅಭ್ಯಾಸ. ಕೋರ್ಟು ನಡೆಯುವಾಗ ಓದಲು ಬಿಡುವು ಸಿಗುವುದಿಲ್ಲ ಎಂದು ಕಾಗದಗಳಲ್ಲಿ ಗೊಣಗಿದ್ದಾನೆ.

ಪೀಠದಲ್ಲಿ ಕೂತು ಏನು ಹೇಳಿದ? ತೀರ್ಪುಗಳು ಹೇಗಿದ್ದವು?

ತೀರ್ಪುಗಳಿಗಿಂತ ಗ್ರ್ಯಾಂಡ್ ಜ್ಯೂರಿಗೆ ಮಾಡಿದ ಭಾಷಣಗಳಲ್ಲಿ ಮನುಷ್ಯ ಚೆನ್ನಾಗಿ ಕಾಣುತ್ತಾನೆ. ಗ್ರ್ಯಾಂಡ್ ಜ್ಯೂರಿ ಅಂದರೆ ಊರಿನ ಇಂಗ್ಲಿಷ್ ಗಣ್ಯರ ಗುಂಪು. ಯಾವ ಕ್ರಿಮಿನಲ್ ಕೇಸು ವಿಚಾರಣೆಗೆ ಹೋಗಬೇಕು ಎಂದು ಅವರು ಮೊದಲು ನೋಡಬೇಕು. ಅವರಿಗೆ ಜಡ್ಜ್ ನಾಲ್ಕು ಮಾತು ಹೇಳುವುದು ಪದ್ಧತಿ.

1785ರ ಜೂನ್ ಭಾಷಣ ಓದಿದರೆ ಮೈ ಜುಮ್ಮೆನ್ನುತ್ತದೆ. ಮಕ್ಕಳನ್ನು ತುಂಬಿಕೊಂಡ ದೋಣಿಗಳು ಬಹಿರಂಗವಾಗಿ ಮಾರಾಟಕ್ಕೆಂದು ನದಿಯಲ್ಲಿ ಕಲ್ಕತ್ತಕ್ಕೆ ಬರುತ್ತಿವೆ ಎಂದ. ಈ ಊರಿನಲ್ಲಿ ಒಂದಾದರೂ ಗುಲಾಮ ಮಗುವನ್ನು ಇಟ್ಟುಕೊಳ್ಳದವರು ಸಿಗುವುದೇ ಕಷ್ಟ ಎಂದ. ಕೆಲವು ಮಕ್ಕಳನ್ನು ಹೆತ್ತವರಿಂದ ಕದ್ದು ತಂದಿದ್ದರೆ, ಕೆಲವನ್ನು ಬರಗಾಲದಲ್ಲಿ ಒಂದಿಷ್ಟು ಅಕ್ಕಿಗೆ ಕೊಂಡಿದ್ದರು. ಆ ಗುಂಪಿನಲ್ಲಿ ಕೂತಿದ್ದವರ ಮನೆಗಳಲ್ಲೂ ಅಂಥ ಮಕ್ಕಳು ಇದ್ದೇ ಇದ್ದರು ಅನ್ನಿ. ಆದರೆ ಅದೇ ಭಾಷಣದಲ್ಲಿ, ತನ್ನ ಮನೆಯಲ್ಲೂ ಗುಲಾಮರಿದ್ದಾರೆ ಎಂದು ಒಪ್ಪಿಕೊಳ್ಳುತ್ತಾನೆ. ಸಾವಿನಿಂದಲೋ ಸಂಕಟದಿಂದಲೋ ಉಳಿಸಿ ತಂದವರು, ಅವರನ್ನು ಬೇರೆ ಆಳುಗಳ ಹಾಗೇ ನೋಡುತ್ತೇನೆ, ವ್ಯತ್ಯಾಸ ತಿಳಿಯುವ ವಯಸ್ಸು ಬಂದಾಗ ಅವರಿಗೂ ಹೇಳುತ್ತೇನೆ ಎನ್ನುತ್ತಾನೆ. ಒಳ್ಳೆಯ ಮಾತೇ. ಆದರೂ ಆ ಮಕ್ಕಳನ್ನು ಯಾರಾದರೂ ಕೇಳಬೇಕಿತ್ತು ಅನ್ನಿಸುತ್ತದೆ.

ಸುಳ್ಳುಸಾಕ್ಷಿ ಅವನ ಇನ್ನೊಂದು ದೊಡ್ಡ ಚಿಂತೆ. ಹಿಂದೂ ಸಾಕ್ಷಿಗೆ ಗಂಗಾಜಲದ ಮೇಲೆ, ಮುಸ್ಲಿಂ ಸಾಕ್ಷಿಗೆ ಕುರಾನ್ ಮೇಲೆ ಪ್ರಮಾಣ. ಯಾವ ಪ್ರಮಾಣ ಯಾರ ಮನಸ್ಸಿಗೆ ನಿಜಕ್ಕೂ ನಾಟುತ್ತದೆ ಎಂದು ಪಂಡಿತರನ್ನೂ ಮೌಲ್ವಿಗಳನ್ನೂ ಕೇಳಿ ತಿಳಿದುಕೊಳ್ಳಲು ನೋಡಿದ.

ಹಾಗಾದರೆ ಸಂಸ್ಕೃತ ಕಲಿತದ್ದು ಯಾಕೆ?

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಬಂದಾಗ ಅವನಿಗೆ ಸಂಸ್ಕೃತ ಕಲಿಯುವ ಯೋಚನೆ ಇರಲಿಲ್ಲ. ಅರಬ್ಬಿ, ಪರ್ಷಿಯನ್ ಸಾಕು, ಸಂಸ್ಕೃತವನ್ನು ಗೆಳೆಯ ಚಾರ್ಲ್ಸ್ ವಿಲ್ಕಿನ್ಸ್ ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದ. ಭಗವದ್ಗೀತೆಯನ್ನು 1785ರಲ್ಲಿ ಇಂಗ್ಲಿಷಿಗೆ ತಂದವನು ಆ ವಿಲ್ಕಿನ್ಸ್.

ಸಿಕ್ಕಿಹಾಕಿಸಿದ್ದು ಒಂದು ಕಾಯ್ದೆ. 1781ರಲ್ಲಿ ಪಾರ್ಲಿಮೆಂಟು ಹೀಗೆ ಹೇಳಿತು: ಆಸ್ತಿ, ಉತ್ತರಾಧಿಕಾರ, ಕರಾರು, ಇಂಥ ವ್ಯಾಜ್ಯಗಳಲ್ಲಿ ಹಿಂದೂಗಳಿಗೆ ಹಿಂದೂಗಳ ಶಾಸ್ತ್ರ, ಮುಸ್ಲಿಮರಿಗೆ ಮುಸ್ಲಿಮರ ಶಾಸ್ತ್ರ. ಕೇಳಲು ನ್ಯಾಯವಾಗಿದೆ. ಆದರೆ ಪೀಠದ ಮೇಲಿರುವ ಇಂಗ್ಲಿಷ್ ಜಡ್ಜ್‌ಗೆ ಶಾಸ್ತ್ರ ಓದಲು ಬರುವುದಿಲ್ಲ. ಕೋರ್ಟಿನ ಪಂಡಿತ ಹೇಳಿದ್ದೇ ವೇದವಾಕ್ಯ. ಪಂಡಿತ ತಪ್ಪು ಹೇಳಿದರೆ? ಒಂದು ಪಕ್ಷದವರ ಕೈ ಬಿಸಿಯಿಂದ ಹೇಳಿದರೆ? ಕಂಡುಹಿಡಿಯುವ ದಾರಿಯೇ ಇಲ್ಲ.

ಇದಕ್ಕೆ ಮೊದಲು ಹೇಸ್ಟಿಂಗ್ಸ್ ಹನ್ನೊಂದು ಪಂಡಿತರನ್ನು ಕೂರಿಸಿ ಒಂದು ಕಾನೂನು ಸಂಗ್ರಹ ಮಾಡಿಸಿದ್ದ. ಅದು ಸಂಸ್ಕೃತದಿಂದ ಪರ್ಷಿಯನ್‌ಗೆ ಬಂದು, ಪರ್ಷಿಯನ್‌ನಿಂದ ಹಾಲ್‌ಹೆಡ್ ಎಂಬವನ ಕೈಯಲ್ಲಿ ಇಂಗ್ಲಿಷಾಗಿ 1776ರಲ್ಲಿ ಅಚ್ಚಾಗಿತ್ತು. ಕಿವಿಯಿಂದ ಕಿವಿಗೆ ದಾಟಿದ ಮಾತಿನ ಗತಿ ಗೊತ್ತಲ್ಲ. ಮೂಲದಲ್ಲಿ ಇದ್ದದ್ದು ಎಷ್ಟು, ದಾರಿಯಲ್ಲಿ ಸೇರಿದ್ದು ಎಷ್ಟು ಎಂದು ಹೇಳುವಂತಿರಲಿಲ್ಲ.

ಪಂಡಿತರು ತಮಗೆ ಬೇಕಾದ ಹಾಗೆ ಹಿಂದೂ ಕಾನೂನು ಹೇಳುತ್ತಾರೆ, ಅವರ ಕೃಪೆಯಲ್ಲಿ ಕೂರುವುದು ಇನ್ನು ನನ್ನಿಂದಾಗದು ಎಂದು 1785ರ ಕಾಗದವೊಂದರಲ್ಲಿ ಜೋನ್ಸ್ ಬರೆಯುತ್ತಾನೆ. ಅದೇ ವರ್ಷ ಪಾಠ ಶುರು. ಯುರೋಪಿನ ಭಾಷಾಶಾಸ್ತ್ರವನ್ನೇ ಬದಲಿಸಿದ ಓದು ಶುರುವಾದದ್ದು ಹೀಗೆ, ಪಂಡಿತರ ಮೇಲಿನ ಅಪನಂಬಿಕೆಯಿಂದ.

ಕಲಿಸಿದ್ದು ಯಾರು?

ನದಿಯಾ, ಅಂದರೆ ನವದ್ವೀಪ, ಆಗ ಬಂಗಾಳದ ದೊಡ್ಡ ವಿದ್ಯಾಕೇಂದ್ರ. ಅಲ್ಲಿನ ಬ್ರಾಹ್ಮಣ ಪಂಡಿತರು ಮ್ಲೇಚ್ಛನಿಗೆ ಪಾಠ ಹೇಳಲು ಒಪ್ಪಲಿಲ್ಲವಂತೆ, ಎಷ್ಟು ದುಡ್ಡು ಕೊಟ್ಟರೂ. ಕೊನೆಗೆ ಸಿಕ್ಕವನು ರಾಮಲೋಚನ. ವಯಸ್ಸಾದವನು, ವೈದ್ಯ ಜಾತಿಯವನು, ವ್ಯಾಕರಣದಲ್ಲಿ ಗಟ್ಟಿಗ. ಮೊದಲ ಪಠ್ಯ ಹಿತೋಪದೇಶ. ಮಾಂಸ ತಿಂದು ಬರಬಾರದು, ಕೋಣೆಯನ್ನು ದಿನಾ ಗಂಗಾಜಲದಿಂದ ತೊಳೆಯಬೇಕು ಎಂದೆಲ್ಲ ಗುರು ಷರತ್ತು ಹಾಕಿದ ಎಂಬ ಕಥೆ ಓಡಾಡುತ್ತದೆ. ಚೆನ್ನಾಗಿದೆ, ಆದರೆ ಕಥೆ ಎಂದೇ ಓದಿಕೊಳ್ಳಿ.

1786ರ ಆ ಪ್ರಸಿದ್ಧ ಭಾಷಣದಲ್ಲಿ ಏನಿದೆ?

ಪಾಠ ಶುರುವಾಗಿ ವರ್ಷವೂ ತುಂಬಿರಲಿಲ್ಲ. 2 ಫೆಬ್ರವರಿ 1786, ಏಷ್ಯಾದ ವಿದ್ಯೆಗಳ ಅಧ್ಯಯನಕ್ಕೆಂದು ಕಲ್ಕತ್ತದಲ್ಲಿ ಕಟ್ಟಿದ್ದ ಏಷ್ಯಾಟಿಕ್ ಸೊಸೈಟಿಯ ಮೂರನೇ ವಾರ್ಷಿಕ ಭಾಷಣ. ಸಂಸ್ಕೃತದ ರಚನೆ ಅದ್ಭುತ, ಗ್ರೀಕಿಗಿಂತ ಅಚ್ಚುಕಟ್ಟು, ಲ್ಯಾಟಿನ್ನಿಗಿಂತ ಸಮೃದ್ಧ ಎಂದ. ಕ್ರಿಯಾಪದದ ಬೇರುಗಳಲ್ಲೂ ವ್ಯಾಕರಣದಲ್ಲೂ ಈ ಮೂರಕ್ಕೆ ಇರುವ ಹೋಲಿಕೆ ಆಕಸ್ಮಿಕ ಆಗಲಾರದು, ಬಹುಶಃ ಈಗ ಉಳಿದಿರದ ಯಾವುದೋ ಒಂದೇ ಮೂಲದಿಂದ ಹುಟ್ಟಿರಬೇಕು ಎಂದ.

ಹೋಲಿಕೆ ಮೊದಲು ಕಂಡವನು ಜೋನ್ಸ್ ಅಲ್ಲ. ಇಟಲಿಯ ವ್ಯಾಪಾರಿ ಸಸೆಟ್ಟಿ ಗೋವಾದಲ್ಲಿದ್ದಾಗ 16ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಕೇರ್ದು 1767ರಲ್ಲಿ ಪಟ್ಟಿ ಸಮೇತ ಪ್ಯಾರಿಸ್ಸಿಗೆ ಬರೆದಿದ್ದ. ಅವನ ಕಾಗದ ಅಚ್ಚಾದದ್ದು 1808ರಲ್ಲಿ, ಪಾಪ. ಜೋನ್ಸ್‌ನ ಹೊಸತನ ಇದ್ದದ್ದು "ಈಗ ಉಳಿದಿರದ ಮೂಲ" ಎಂಬ ಮಾತಿನಲ್ಲಿ. ಸಂಸ್ಕೃತವೇ ಎಲ್ಲದರ ತಾಯಿ ಎಂದು ಅವನು ಹೇಳಲಿಲ್ಲ. ಅವನ ಹೆಸರಿನಲ್ಲಿ ಹಾಗೆ ಓಡಾಡುವ ವಾಟ್ಸಾಪ್ ಮೆಸೇಜು ಬಂದರೆ ನಂಬಬೇಡಿ.

ಮುಗ್ಗರಿಸಿದ್ದೂ ಉಂಟು. ಜಗತ್ತಿನ ಜನಾಂಗಗಳನ್ನೆಲ್ಲ ಬೈಬಲ್ಲಿನ ನೋಹನ ಮಕ್ಕಳ ಲೆಕ್ಕಕ್ಕೆ ಸೇರಿಸಲು ಹೋಗಿ, ಹಿಂದೂಗಳನ್ನೂ ಈಜಿಪ್ಟಿನವರನ್ನೂ ಒಂದೇ ಮನೆಯವರನ್ನಾಗಿ ಮಾಡಿದ.

ಏಷ್ಯಾಟಿಕ್ ಸೊಸೈಟಿಯೂ ಅವನದೇ?

ಹೌದು. 15 ಜನವರಿ 1784ರಂದು ಕಲ್ಕತ್ತದಲ್ಲಿ ಮೂವತ್ತು ಮಂದಿ ಸೇರಿದರು. ಸೇರಿದ ಜಾಗ ಸುಪ್ರೀಂ ಕೋರ್ಟಿನ ಗ್ರ್ಯಾಂಡ್ ಜ್ಯೂರಿ ಕೋಣೆ, ಅಲ್ಲೂ ಕೋರ್ಟು ಬಿಡಲಿಲ್ಲ ನೋಡಿ. ಸಾಯುವವರೆಗೂ ಅವನೇ ಅಧ್ಯಕ್ಷ. ಭಾರತದ ಪಂಡಿತರ ವಿದ್ಯೆಯ ಮೇಲೆಯೇ ನಿಂತ ಆ ಸಂಘಕ್ಕೆ ಭಾರತೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1829ರಲ್ಲಿ.

ಶಾಕುಂತಲ ಹೇಗೆ ಕೈಗೆ ಸಿಕ್ಕಿತು?

'ನಾಟಕ' ಎಂಬ ಹೆಸರಿನ ಪುಸ್ತಕಗಳಿವೆ ಎಂದು ಕೇಳಿದ್ದ, ಚರಿತ್ರೆಯೇನೋ ಎಂದುಕೊಂಡಿದ್ದ. ಕಲ್ಕತ್ತದ ಇಂಗ್ಲಿಷರು ಚಳಿಗಾಲದಲ್ಲಿ ಆಡುತ್ತಾರಲ್ಲ, ಆ ಆಟದ ಥರ ಇದು ಎಂದು ರಾಧಾಕಾಂತ ಎಂಬ ಪಂಡಿತ ಬಿಡಿಸಿ ಹೇಳಿದ. ಯಾವುದು ಚೆನ್ನಾಗಿದೆ ಎಂದರೆ ಶಾಕುಂತಲ ಎಂಬ ಉತ್ತರ ಬಂತು. ಮೊದಲು ಪದಕ್ಕೆ ಪದ ಲ್ಯಾಟಿನ್ನಿಗೆ, ಆಮೇಲೆ ಇಂಗ್ಲಿಷಿಗೆ ತಂದು 1789ರಲ್ಲಿ ಅಚ್ಚು ಹಾಕಿಸಿದ. ಶೃಂಗಾರದ ಕೆಲವು ಮಾತುಗಳನ್ನು ಇಂಗ್ಲಿಷರ ಮಡಿಗೆ ತಕ್ಕ ಹಾಗೆ ತಣ್ಣಗೆ ಮಾಡಿದ. 1791ರಲ್ಲಿ ಅದು ಜರ್ಮನ್ನಿಗೆ ಹೋಗಿ, ಅಲ್ಲಿನ ಮಹಾಕವಿ ಗಯಟೆ ಅದರ ಮೇಲೆ ಪದ್ಯ ಕಟ್ಟಿದ.

ಮಾರಾಟದ ಹಣ ಹೋದದ್ದು ಸಾಲ ತೀರಿಸಲಾಗದೆ ಜೈಲಿಗೆ ಬಿದ್ದವರ ನೆರವಿಗೆ. ಸಾಲಗಾರರನ್ನು ಜೈಲಿಗೆ ಕಳಿಸುತ್ತಿದ್ದದ್ದು ಅವನು ಕೂರುತ್ತಿದ್ದ ಕೋರ್ಟೇ.

ಮನುಸ್ಮೃತಿಯನ್ನು ಇಂಗ್ಲಿಷಿಗೆ ತಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ?

ಜಗಳದ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1788ರ ಮಾರ್ಚ್‌ನಲ್ಲಿ ಜೋನ್ಸ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಒಂದು ಕಾಗದ ಬರೆದ. ರೋಮಿನ ಚಕ್ರವರ್ತಿ ಜಸ್ಟಿನಿಯನ್ ಕಾನೂನುಗಳನ್ನೆಲ್ಲ ಒಂದೆಡೆ ಸೇರಿಸಿದ ಹಾಗೆ ಹಿಂದೂ, ಮುಸ್ಲಿಂ ಕಾನೂನುಗಳ ಸಂಗ್ರಹ ಮಾಡಿಸೋಣ, ಮೇಲ್ವಿಚಾರಣೆ ನಾನು ಸಂಬಳವಿಲ್ಲದೆ ಮಾಡುತ್ತೇನೆ ಎಂದ. ಸರ್ಕಾರ ಕೂಡಲೇ ಒಪ್ಪಿತು. ಮುಸ್ಲಿಂ ಉತ್ತರಾಧಿಕಾರದ 'ಸಿರಾಜಿಯ್ಯಾ' 1792ರಲ್ಲಿ ಬಂತು, ಮನುಸ್ಮೃತಿಯ ಅನುವಾದ 1794ರಲ್ಲಿ. ದೊಡ್ಡ ಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದವನು ತ್ರಿವೇಣಿಯ ಜಗನ್ನಾಥ ತರ್ಕಪಂಚಾನನ.

ಜೋನ್ಸ್‌ನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಜಡ್ಜ್ ಪಂಡಿತನನ್ನು ಪರೀಕ್ಷಿಸುವಂತಾಗಬೇಕು, ಕಕ್ಷಿದಾರನಿಗೆ ಮೋಸ ಆಗಬಾರದು. ಆದರೆ ಅಲ್ಲಿಯವರೆಗೆ ಮನುವಿನ ಪುಸ್ತಕ ಎಲ್ಲರ ಮನೆಯ ಕಾನೂನಾಗಿರಲಿಲ್ಲ. ಊರಿಗೊಂದು ರೂಢಿ, ಜಾತಿಗೊಂದು ಕಟ್ಟಳೆ, ಪಂಚಾಯ್ತಿಯಲ್ಲಿ ಹಿರಿಯರ ಮಾತು. ಪಂಡಿತನೂ ಶ್ಲೋಕದ ಜೊತೆ ಊರಿನ ನಡವಳಿಕೆ ನೋಡಿಯೇ ಹೇಳುತ್ತಿದ್ದ. ಜೋನ್ಸ್ ಅದನ್ನು ಮೋಸವೆಂದುಕೊಂಡ. ನನಗನ್ನಿಸುವುದು, ಅದರಲ್ಲಿ ಅರ್ಧ ಮೋಸ ಇದ್ದರೂ ಇನ್ನರ್ಧ ವಿವೇಕ ಇತ್ತು. ಅಚ್ಚಾದ ಪುಸ್ತಕ ಕೈಗೆ ಬಂದ ಮೇಲೆ ಜಡ್ಜ್‌ಗಳು ಪುಸ್ತಕವನ್ನೇ ಹಿಡಿದರು. 1864ರಲ್ಲಿ ಕೋರ್ಟು ಪಂಡಿತರ, ಮೌಲ್ವಿಗಳ ಹುದ್ದೆಯನ್ನೇ ತೆಗೆದುಹಾಕಿದರು. ಹಳೆಯ ಶ್ಲೋಕ, ಬ್ರಿಟಿಷ್ ಪೂರ್ವನಿದರ್ಶನ ಎರಡೂ ಸೇರಿ 'ಹಿಂದೂ ಲಾ' ಎಂಬ ಹೊಸ ಪದಾರ್ಥ ತಯಾರಾಯಿತು.

ಕನ್ನಡ ನಾಡಿಗೂ ಅವನಿಗೂ ಸಂಬಂಧ ಏನಾದರೂ ಉಂಟೇ?

ಇತ್ತ ಕಡೆ ಅವನು ನೆಲೆಸಿದವನಲ್ಲ. ಕನ್ನಡ ಕಲಿಯಲಿಲ್ಲ. ದಕ್ಷಿಣದ ಭಾಷೆಗಳದ್ದು ಬೇರೆಯೇ ಕುಟುಂಬ ಎಂದು 1816ರಲ್ಲಿ ತೋರಿಸಿಕೊಟ್ಟವನು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್.

ಆದರೆ ಕೋರ್ಟಿನ ದಾರಿಯಲ್ಲಿ ಒಂದು ಗಟ್ಟಿ ನಂಟಿದೆ. ಆಸ್ತಿ ಭಾಗದ ವಿಷಯದಲ್ಲಿ ಹಿಂದೂ ಶಾಸ್ತ್ರಕ್ಕೆ ಎರಡು ದೊಡ್ಡ ಕವಲು. ಜೋನ್ಸ್ ಕೂತಿದ್ದ ಬಂಗಾಳದಲ್ಲಿ ದಾಯಭಾಗ: ಅಪ್ಪ ಸತ್ತ ಮೇಲೆಯೇ ಮಗನಿಗೆ ಹಕ್ಕು. ಬೇರೆ ಬಹುಪಾಲು ಕಡೆ ಮಿತಾಕ್ಷರ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ನಮ್ಮವನು, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎನ್ನುತ್ತಾರೆ. ಎರಡನ್ನೂ 1810ರಲ್ಲಿ ಇಂಗ್ಲಿಷಿಗೆ ತಂದವನು ಕೋಲ್‌ಬ್ರೂಕ್, ಜೋನ್ಸ್ ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಸಿದವನು. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಬಂತಲ್ಲ, ಆ ತಿದ್ದುಪಡಿಯ ಒಳಗೂ 'ಮಿತಾಕ್ಷರ' ಎಂಬ ಪದ ಕೂತಿದೆ.

ಇನ್ನೊಂದು ನಂಟು ಚಂದ್ರಗುಪ್ತನದು. ಗ್ರೀಕರು ಸ್ಯಾಂಡ್ರಕೊಟ್ಟಸ್ ಎಂದು ಬರೆದ ರಾಜನೇ ಚಂದ್ರಗುಪ್ತ ಮೌರ್ಯ ಎಂದು 1793ರಲ್ಲಿ ಜೋನ್ಸ್ ಗುರುತಿಸಿದ. ಸುಳಿವು ಸಿಕ್ಕಿದ್ದು ಒಂದು ನದಿಯಿಂದ. ಗ್ರೀಕರ ಪ್ರಕಾರ ರಾಜಧಾನಿ ಪಾಲಿಬೋಥ್ರಾ, ಅಂದರೆ ಪಾಟಲಿಪುತ್ರ, ಇದ್ದದ್ದು ಗಂಗೆಗೆ 'ಎರನ್ನೊಬೋವಾಸ್' ಎಂಬ ನದಿ ಸೇರುವ ಕಡೆ. ಶೋಣ ನದಿಗೆ ಹಿರಣ್ಯಬಾಹು ಎಂಬ ಇನ್ನೊಂದು ಹೆಸರಿದೆ ಎಂದು ಸಂಸ್ಕೃತ ಪುಸ್ತಕದಲ್ಲಿ ಕಂಡ ಕೂಡಲೇ ಬೀಗ ತೆರೆಯಿತು. ಭಾರತದ ಹಳೆಯ ಚರಿತ್ರೆಗೆ ಮೊದಲ ಗಟ್ಟಿ ಕಾಲಗುರುತು ಅದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಅದೇ ಚಂದ್ರಗುಪ್ತ ಸಲ್ಲೇಖನ ಮಾಡಿದನೆಂಬ ನಮ್ಮ ಜೈನರ ನಂಬಿಕೆ ನಿಮಗೆ ಗೊತ್ತೇ ಇದೆ.

ನಮ್ಮ ಘಟ್ಟದ ಕಾಡುಗಳ ಅಶೋಕ ಮರಕ್ಕೂ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇವನ ನೆನಪಿಗೆ 'ಜೋನೇಸಿಯಾ ಅಶೋಕ' ಎಂದು ಹೆಸರಿಟ್ಟಿದ್ದ. ಈಗ ಅದು ಸರಾಕಾ ಅಶೋಕ.

28 ಭಾಷೆ ಬರುತ್ತಿತ್ತು ಅನ್ನುವುದು ನಿಜವೇ?

ಅವನೇ ಬರೆದಿಟ್ಟ ಪಟ್ಟಿಯಲ್ಲಿ 28 ಇವೆ. ಆದರೆ ಪಟ್ಟಿಯನ್ನು ಪ್ರಾಮಾಣಿಕವಾಗಿ ಮೂರು ಭಾಗ ಮಾಡಿದ್ದಾನೆ. ಚೆನ್ನಾಗಿ ಬರುವುದು ಎಂಟು. ಡಿಕ್ಷನರಿ ಇಟ್ಟುಕೊಂಡು ಓದಬಲ್ಲದ್ದು ಎಂಟು. ಉಳಿದ ಹನ್ನೆರಡು ಅಷ್ಟಕ್ಕಷ್ಟೇ. ಅಪ್ಪನ ಭಾಷೆ ವೆಲ್ಷ್ ಆ ಕೊನೆಯ ಹನ್ನೆರಡರಲ್ಲಿದೆ! ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಮಕ್ಕಳ ಪಾಡು.

ಭಾರತೀಯರಿಗೆ ಸ್ವಾತಂತ್ರ್ಯ ಕೊಡಬೇಕು ಎನ್ನುತ್ತಿದ್ದನೇ?

ಇಲ್ಲ. ಇಂಗ್ಲೆಂಡಿನ ರೈತನಿಗೆ, ಅಮೆರಿಕದ ವಸಾಹತಿಗೆ ಹಕ್ಕು ಕೇಳಿದವನು ಇಲ್ಲಿ ಬಂದು, ಈ ಜನಕ್ಕೆ ಸ್ವಾತಂತ್ರ್ಯವನ್ನು ಬಲವಂತವಾಗಿ ಕೊಟ್ಟರೆ ಅದೇ ಅವರಿಗೆ ಸಂಕಟವಾಗುತ್ತದೆ ಎಂದು ಬರೆದ. ಕಾಳಿದಾಸನ ಮೇಲಿನ ಪ್ರೀತಿ ಸುಳ್ಳಲ್ಲ. ದುರ್ಗೆ, ಸರಸ್ವತಿ, ಗಂಗೆಯ ಮೇಲೆ ಇಂಗ್ಲಿಷಿನಲ್ಲಿ ಸ್ತೋತ್ರ ಬರೆದದ್ದೂ ಸುಳ್ಳಲ್ಲ. ಇದೂ ಸುಳ್ಳಲ್ಲ.

ಹೇಗೆ ಸತ್ತ? ಸಮಾಧಿ ಎಲ್ಲಿದೆ?

ಆನಾ ಮರಿಯಾಗೆ ಬಂಗಾಳದ ಹವೆ ಹಿಡಿಸಲಿಲ್ಲ, ಪದೇ ಪದೇ ಕಾಯಿಲೆ. 1793ರ ಕೊನೆಗೆ ಊರಿಗೆ ಹೊರಟಳು. ಸಂಗ್ರಹದ ಕೆಲಸ ಮುಗಿಸಿ ಹಿಂದೆಯೇ ಬರುತ್ತೇನೆ ಎಂದು ಇವನು ಉಳಿದ. 1794ರ ಏಪ್ರಿಲ್‌ನಲ್ಲಿ ಒಂದು ಸಂಜೆ ವಾಕಿಂಗ್ ಹೋದವನು ಹೊತ್ತು ಮೀರಿ ಬಂದ, ಮೈ ಸರಿಯಿಲ್ಲ ಎಂದ. ಲಿವರ್ ಊದಿಕೊಂಡಿತ್ತು. 27ರಂದು ತೀರಿಕೊಂಡ, ವಯಸ್ಸು 47. ಮಕ್ಕಳಿರಲಿಲ್ಲ. ಬರಹಗಳನ್ನೆಲ್ಲ ಸೇರಿಸಿ 1799ರಲ್ಲಿ ಆರು ಸಂಪುಟ ತಂದವಳು ಹೆಂಡತಿ.

ಸಮಾಧಿ ಕಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಎತ್ತರದ ಸೂಜಿಗೋಪುರ, ದೂರದಿಂದಲೇ ಕಾಣುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಕಂಪನಿ ನಿಲ್ಲಿಸಿದ ಪ್ರತಿಮೆ ಇದೆ, ಕೈ ಮನುವಿನ ಪುಸ್ತಕದ ಮೇಲೆ. ಆಕ್ಸ್‌ಫರ್ಡಿನ ಕಾಲೇಜಿನಲ್ಲಿ ಶಿಲ್ಪಿ ಫ್ಲ್ಯಾಕ್ಸ್‌ಮನ್ ಕೆತ್ತಿದ ಫಲಕ ಇದೆ. ಅದರಲ್ಲಿ ಜೋನ್ಸ್ ಕುರ್ಚಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಾನೆ. ಹೇಳಿಕೊಡುತ್ತಿರುವ ಮೂವರು ಪಂಡಿತರು ನೆಲದ ಮೇಲೆ ಕೂತಿದ್ದಾರೆ.

ದೊಡ್ಡ ಸಂಗ್ರಹ ಬರೆದ ಜಗನ್ನಾಥ ಪಂಡಿತ ಏನಾದ?

ಜೋನ್ಸ್ ಕೆಲಸ ಒಪ್ಪಿಸುವಾಗಲೇ ಅವನಿಗೆ ತೊಂಬತ್ತು ದಾಟಿತ್ತು ಎನ್ನುತ್ತಾರೆ. ಬರೆದು ಮುಗಿಸಿದ. ಅನುವಾದ ಮಾಡಬೇಕಿದ್ದ ಜಡ್ಜ್ ಸತ್ತುಹೋದ. ಕೋಲ್‌ಬ್ರೂಕ್ ಅದನ್ನು ಇಂಗ್ಲಿಷಿಗೆ ತಂದು 1798ರಲ್ಲಿ ಅಚ್ಚಾಯಿತು. ಜಗನ್ನಾಥ ಅದನ್ನೂ ನೋಡಿ, ತ್ರಿವೇಣಿಯಲ್ಲಿ ಇನ್ನೂ ಒಂಬತ್ತು ವರ್ಷ ಬದುಕಿದ. 1807ರಲ್ಲಿ ತೀರಿಕೊಂಡಾಗ ನೂರಹತ್ತು ದಾಟಿದ್ದನಂತೆ.